ಬೀಗರ ಎಲೆಗೆ ಬಡಿಸಿದ ಹುಳಿಯನ್ನ

ಗೆಳತಿಯರೇ, ನಗುವುದಾದರೆ ಈಗಲೇ ನಕ್ಕುಬಿಡಿ. ಇವತ್ತು ನಾದಿನಿಯ ಮಾವ, ಕಡೂರಿನ ಬೀಗರು, ಹೇಳದೆ ಕೇಳದೆ ಅಜ್ಜಂಪುರದಲ್ಲಿ ರೈಲಿಳಿದು ನಮ್ಮ ಮನೆಗೆ ಊಟಕ್ಕೆ ಬಂದರು. ಬಿಸಿಬೇಳೆ ಹುಳಿಯನ್ನ ಮಾಡಿ ಒಳ್ಳೇ ಹೆಸರು ತೆಗೆದುಕೊಳ್ಳೋಣವೆಂದು, ಮೈಸೂರಿನ ಅಕ್ಕ ಅದನ್ನು ಮಾಡುವ ಬಗೆ ಬರೆದು ಕಳಿಸಿದ್ದ ಕಾಗದ ಬಿಡಿಸಿಕೊಂಡು ಕೂತೆ.

ಸಂತೆ ಇರುವುದು ನಾಳೆ. ಮೆಣಸಿನಕಾಯಿ ಮುಗಿದಿತ್ತು, ಕರಿಮೆಣಸು ಅರೆದೆ. ತೊಗರಿಬೇಳೆ ಹಿಡಿಯಷ್ಟೂ ಇರಲಿಲ್ಲ, ಹೆಸರುಬೇಳೆ ಬೇಯಿಸಿದೆ. ಆಲೂಗೆಡ್ಡೆಯ ಬದಲು ಹಿತ್ತಲಿನ ಬಾಳೆಕಾಯಿ ಹೆಚ್ಚಿದೆ. ಇಂಗಿನ ಡಬ್ಬಿಯಲ್ಲಿ ವಾಸನೆ ಮಾತ್ರ ಉಳಿದಿತ್ತು, ಅದನ್ನು ಬಿಟ್ಟೇಬಿಟ್ಟೆ. ಒಂದೊಂದಾಗಿ ನೋಡಿದರೆ ಯಾವುದೂ ತಪ್ಪಲ್ಲ. ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದಿರಿ.

ಬೀಗರು ಒಂದು ತುತ್ತು ಬಾಯಿಗಿಟ್ಟರು. ಎಲೆಯ ಮೇಲಿನ ಬಾಳೆಕಾಯಿ ನೋಡಿದರು. ಕೈ ಹಿಂದಕ್ಕೆ ತೆಗೆದರು.

"ಏನಮ್ಮಾ, ಇವತ್ತು ನಿಮ್ಮನೇಲಿ ತಿಥಿ ಅಂತ ಮೊದ್ಲೇ ಹೇಳ್ಬಾರ್ದಿತ್ತಾ? ಯಾರದ್ದು?"

ನನಗೆ ಹೊಳೆದದ್ದು ಆಗಲೇ. ಮೆಣಸಿನಕಾಯಿ, ತೊಗರಿ, ಆಲೂಗೆಡ್ಡೆ, ಇಂಗು: ತಿಥಿಯ ಅಡುಗೆಗೆ ಯಾವುದು ಕೂಡದೋ ಅದನ್ನೆಲ್ಲ ಆರಿಸಿ ಆರಿಸಿ ಹೊರಗಿಟ್ಟಿದ್ದೆ!

ಒಳಗಿನಿಂದ ಅತ್ತೆಯ ದನಿ ಬಂತು. "ಯಾರೂ ಸತ್ತಿಲ್ಲ ಕಣ್ರೀ, ಮೆಣಸಿನಕಾಯಿ ಮುಗ್ದೋಗಿದೆ ಅಷ್ಟೇ. ಸಾವಕಾಶವಾಗಿ ಊಟ ಮಾಡಿ."

ಬೀಗರು ಎರಡು ಸಲ ಬಡಿಸಿಕೊಂಡು ಉಂಡರು. ಆದರೂ ಅನುಮಾನ ಪೂರ್ತಿ ಹೋಗಿರಲಿಲ್ಲ ಅಂತ ಕಾಣುತ್ತದೆ. ಹೊರಡುವಾಗ ನಮ್ಮ ಮನೆಯ ಒಬ್ಬೊಬ್ಬರ ಹೆಸರೂ ಹೇಳಿ, "ಚೆನ್ನಾಗಿದಾರಾ?" ಎಂದು ವಿಚಾರಿಸಿಕೊಂಡು ಹೋದರು.