ಪ್ಲಿಮತ್‌ನಲ್ಲಿ ಕಟ್ಟಿದ ಹುಲ್ಲು

ಶನಿವಾರ ಬೆಳಿಗ್ಗೆ ನಮ್ಮೂರು ಶಾಮ್‌ಬರ್ಗ್ ಬಿಟ್ಟಾಗ ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಕಾರಿನಲ್ಲಿ ನಾನು, ನಮ್ಮೆಜಮಾನರು, ಮಗಳು ಮೇಘಾ. ನನ್ನ ತೊಡೆಯ ಮೇಲೆ ಎಳ್ಳುಬೆಲ್ಲದ ಡಬ್ಬಿ. ಮಿಷಿಗನ್ನಿನ ಪ್ಲಿಮತ್‌ಗೆ ಸುಮಾರು ಇನ್ನೂರ ಎಂಬತ್ತು ಮೈಲಿ. ಅಲ್ಲಿರುವ ಸೌರಭ ಎಂಬ ಬಂಗಾಳಿ ಹುಡುಗನನ್ನು ಮೇಘಾ ಮದುವೆಯಾಗಬೇಕೆಂದಿದ್ದಳು. ಅಪ್ಪ ಅಮ್ಮ ಇಲ್ಲದ ಅವನನ್ನು ಸಾಕಿದ್ದು ಅಜ್ಜಿ. ಬಾಂಕುಡಾ ಜಿಲ್ಲೆಯ ಹಳ್ಳಿಯಿಂದ ಅವರು ಮೊಮ್ಮಗನ ಮನೆಗೆ ಬಂದಿದ್ದರು. ಅಜ್ಜಿ ಹೂಂ ಅಂದರಷ್ಟೇ ಮದುವೆ ಎಂದು ಅವನು ಹೇಳಿಬಿಟ್ಟಿದ್ದ. ಆ ಹೂಂ ಕೇಳಲೆಂದೇ ನಾವು ಹೊರಟದ್ದು.

ಇಂಡಿಯಾನಾದ ಟೋಲ್ ದಾಟಿದ ಮೇಲೆ ಸರೋವರದ ಕಡೆಯಿಂದ ಹಿಮ ಬೀಸತೊಡಗಿತು. ರೆಸ್ಟ್ ಏರಿಯಾದಲ್ಲಿ ಬಿಚ್ಚಿದ ಪುಳಿಯೋಗರೆ ತಣ್ಣಗೆ ಕಲ್ಲಾಗಿತ್ತು. ಮಿಷಿಗನ್ನಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ. ಇಷ್ಟು ವರ್ಷ ಇಲ್ಲಿದ್ದರೂ ನಮ್ಮವರಿಗೆ ಅದು ನೆನಪಿರುವುದಿಲ್ಲ. ಊಟದ ಹೊತ್ತಿಗೆ ಬರುತ್ತೇವೆ ಎಂದಿದ್ದವರು ಮಾಡಿಟ್ಟ ಊಟವೆಲ್ಲ ಆರಿದ ಮೇಲೆ ಹೋಗಿ ಇಳಿದೆವು.

ಅಜ್ಜಿ ಪುಟ್ಟ ಆಳು, ಬಿಳಿ ಸೀರೆಯ ಮೇಲೆ ಮೊಮ್ಮಗನ ಸ್ವೆಟರ್. ಎಳ್ಳುಬೆಲ್ಲದ ಡಬ್ಬಿ ತೆಗೆದುಕೊಂಡವರು ಮುಚ್ಚಳವನ್ನೂ ತೆಗೆಯದೆ ದೇವರ ಮುಂದಿಟ್ಟರು. ನಾಳಿನ ಪೂಜೆಗೆ ಎಂದು ಸೌರಭ ಸಮಾಧಾನ ಹೇಳಿದ. ಎಳ್ಳು ಕೊಟ್ಟರೆ ಒಂದು ಕಾಳನ್ನಾದರೂ ಬಾಯಿಗೆ ಹಾಕಿಕೊಳ್ಳಬಾರದೇ? ನನಗೆ ಮುಖಕ್ಕೆ ಹೊಡೆದಂತಾಯಿತು. ಆಮೇಲೆ ತಟ್ಟೆ ತುಂಬ ಪಿಠೆ ಬಡಿಸಿದರು. ಅಕ್ಕಿ ಹಿಟ್ಟಿನೊಳಗೆ ತೆಂಗಿನಕಾಯಿ, ಈಚಲ ಬೆಲ್ಲ. ನಮ್ಮ ಸಿಹಿ ಕಡುಬಿನ ದಾಯಾದಿ. ಅಜ್ಜಿಗೆ ಬಂಗಾಳಿ ಬಿಟ್ಟು ಬೇರೆ ಭಾಷೆ ಬಾರದು, ನಮ್ಮೆಜಮಾನರು ಸೌರಭನ ಮೂಲಕ ಮದುವೆಯ ಮಾತು ತೆಗೆದರು. ಅಜ್ಜಿ ಇವರ ತಟ್ಟೆಗೆ ಇನ್ನೊಂದು ಪಿಠೆ ಹಾಕಿದರು. ಇದನ್ನು ಹೂಂ ಎನ್ನಬೇಕೋ ಉಹೂಂ ಎನ್ನಬೇಕೋ, ನನ್ನ ತಲೆಗೆ ಹೋಗಲಿಲ್ಲ.

ಊಟವಾದ ಮೇಲೆ ಫೋನಿನಲ್ಲಿ ಅವರ ಊರು ನೋಡಿದೆವು. ಹುಲ್ಲು ಹೊದಿಸಿದ ಎರಡಂತಸ್ತಿನ ಮಣ್ಣಿನ ಮನೆ, ಮುಂದೆ ಕೆರೆ, ಆಚೆಗೊಂದು ಸುಟ್ಟ ಇಟ್ಟಿಗೆಯ ಹಳೇ ಗುಡಿ. ಅದರ ಗೋಡೆ ತುಂಬ ಇಟ್ಟಿಗೆಯಲ್ಲೇ ಮೂಡಿಸಿದ ದೋಣಿಗಳು, ಬೇಟೆಗಾರರು, ತಲೆ ಬಾಚಿಕೊಳ್ಳುವ ಹೆಂಗಸರು. ಸೊಸೆಯಾಗಿ ಬಂದ ದಿನ ಅಜ್ಜಿ ಮೊದಲು ಕೈಮುಗಿದದ್ದು ಅಲ್ಲಂತೆ. ಈಗ ಇಟ್ಟಿಗೆಗಳು ಒಂದೊಂದೇ ಉದುರುತ್ತಿವೆ ಎಂದರು. ಅದನ್ನು ರಿಪೇರಿ ಮಾಡೋರು ಯಾರೂ ಇಲ್ವಾ ಎಂದು ಮೇಘಾ ಕೇಳಿದಳು. ಸೌರಭ ಅದನ್ನು ಬಂಗಾಳಿಯಲ್ಲಿ ಹೇಳಿದಾಗ ಅಜ್ಜಿ ಅವಳನ್ನೇ ನೋಡುತ್ತ ಕೂತರು.

ಸಂಜೆ ಸೌರಭ ಗಿಡದಂಗಡಿಯಿಂದ ತಂದ ಹುಲ್ಲಿನ ಕಟ್ಟು ಬಿಚ್ಚಿದ. ಇದು ಗೋಧಿ ಹುಲ್ಲು, ಭತ್ತದ್ದಲ್ಲ ಎಂದು ಅಜ್ಜಿ ಗೊಣಗಿಕೊಂಡೇ ಎಳೆಗಳನ್ನು ಹೊಸೆದು ಅಕ್ಕಿ ಚೀಲಕ್ಕೆ, ಬೀರುವಿಗೆ, ಫ್ರಿಜ್ಜಿನ ಹಿಡಿಗೆ, ಸೌರಭನ ಲ್ಯಾಪ್‌ಟಾಪ್ ಬ್ಯಾಗಿಗೆ ಕಟ್ಟುತ್ತ ಬಂದರು. ಅವರ ಊರಲ್ಲಿ ಸಂಕ್ರಾಂತಿಯ ಹಿಂದಿನ ಸಂಜೆ ಕಣಜಕ್ಕೆ, ಪೆಟ್ಟಿಗೆಗೆ ಹೀಗೆ ಕಟ್ಟುತ್ತಾರಂತೆ. ಕಟ್ಟಿದ್ದು ಮನೆಯದು, ಮೂರು ದಿನ ಹೊರಗೆ ಹೋಗಬಾರದು. ಮನೆಯವರೂ ಹೊಸಲು ದಾಟದೆ ಪಿಠೆ ತಿಂದುಕೊಂಡಿರಬೇಕು. ನಾವು ಬೆಳಿಗ್ಗೆ ಹೊರಡಬೇಕಲ್ಲ ಎಂದೆ. ನೆಂಟರಿಗೆ ಈ ಕಟ್ಟಿಲ್ಲ ಆಂಟಿ ಎಂದ ಸೌರಭ.

ಬೆಳಿಗ್ಗೆ ಹೊರಟಾಗ ಅಜ್ಜಿ ಬಾಗಿಲಿಗೂ ಬರಲಿಲ್ಲ. ಅಡುಗೆಮನೆಯಲ್ಲಿ ನಮಗೆ ಬೆನ್ನು ಹಾಕಿ ನಿಂತಿದ್ದರು. ಸೌರಭನ ಮುಖ ಬಾಡಿತ್ತು. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಕಾರಿನಲ್ಲಿ ಮೇಘಾ ಕಿಟಕಿಯತ್ತ ತಿರುಗಿ ಅಳುತ್ತಿದ್ದಳು. ಇಷ್ಟು ದೂರ ಬಂದವರನ್ನು ಹೀಗಾ ಕಳಿಸೋದು ಎಂದು ನಾನು ದಾರಿಯುದ್ದಕ್ಕೂ ಬೈದೆ. ಕಲಮಜೂ ಊರಿನ ಹತ್ತಿರ ಮೇಘಾ ಟಿಶ್ಯೂ ತೆಗೆಯಲು ತನ್ನ ಬ್ಯಾಗಿಗೆ ಕೈ ಹಾಕಿದಳು.

"ಅಮ್ಮಾ, ಇಲ್ನೋಡು."

ಬ್ಯಾಗಿನ ಹಿಡಿಗೆ ಹೊಸೆದ ಹುಲ್ಲು ಬಿಗಿಯಾಗಿ ಕಟ್ಟಿತ್ತು. ನನ್ನ ಬ್ಯಾಗ್ ತಿರುಗಿಸಿ ನೋಡಿದೆ, ಇಲ್ಲ. ಇವರ ಕೋಟು ತಡಕಿದೆ, ಅದಕ್ಕೂ ಇಲ್ಲ. ನಾನು ಹೆತ್ತು ಸಾಕಿದ ಮಗಳನ್ನು ಒಂದೆಳೆ ಗೋಧಿ ಹುಲ್ಲಿನಲ್ಲಿ ಆ ಅಜ್ಜಿ ತಮ್ಮವಳನ್ನಾಗಿ ಮಾಡಿಕೊಂಡಿದ್ದರು. ನನಗೆ ಖುಷಿಯಾಯಿತೋ ಹೊಟ್ಟೆ ಉರಿಯಿತೋ ಇವತ್ತಿಗೂ ತಿಳಿಯದು. ತಾವು ಕಟ್ಟಿಕೊಂಡವಳೇ ಹೊಸಲು ದಾಟಿ ಹೊರಟಾಗ ಅವರು ಬಾಗಿಲಿಗೆ ಯಾಕೆ ಬರಲಿಲ್ಲ ಎಂಬುದು ಮಾತ್ರ ತಿಳಿಯಿತು.

"ರೀ, ಮುಂದಿನ ಎಕ್ಸಿಟ್‌ನಲ್ಲಿ ತಿರುಗಿಸಿ."

"ನಾಳೆ ಆಫೀಸಿದೆ ಕಣೇ."

"ನಿಮಗಿದೆ, ನೀವು ಹೋಗಿ. ಇವಳು ಮೂರು ದಿನ ಆ ಮನೆಯಿಂದ ಆಚೆ ಬರೋ ಹಾಗಿಲ್ಲ."

ಇವರು ಕನ್ನಡಿಯಲ್ಲಿ ಮಗಳನ್ನೊಮ್ಮೆ ನೋಡಿ ಇಂಡಿಕೇಟರ್ ಹಾಕಿದರು.