ಹೋಟ್ಲಮ್ಮ ತಾನು ಸತ್ತ ಜಾಗ ನೋಡಲು ಹೋದದ್ದು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ತೆರಕಣಾಂಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ಚಾಮರಾಜನಗರದಲ್ಲಿ. ಬೆಳಿಗ್ಗೆ ಗುಂಡ್ಲುಪೇಟೆಯ ಬಸ್ಸು ಹಿಡಿದು ಬಂದರೆ ಪ್ರಾರ್ಥನೆಗೆ ಮುಂಚೆ ಒಂದಿಷ್ಟು ಹೊತ್ತು ಉಳಿಯುತ್ತಿತ್ತು. ಅದನ್ನು ಬಸ್ಸು ನಿಲ್ಲುವಲ್ಲೇ ಇದ್ದ ಸಣ್ಣ ಹೋಟೆಲಿನಲ್ಲಿ ಕಳೆಯುತ್ತಿದ್ದೆ. ಯಜಮಾನರು ಹಣೆತುಂಬ ವಿಭೂತಿ ಬಳಿದುಕೊಂಡು ಗಲ್ಲಾದಲ್ಲಿ ಕೂತಿರುತ್ತಿದ್ದರು. ಹೆಂಡತಿ ಒಳಗೆ ಒಲೆಯ ಮುಂದೆ. ಊರಿನವರೆಲ್ಲ ಆಕೆಯನ್ನು ಹೋಟ್ಲಮ್ಮ ಎಂದೇ ಕರೆಯುತ್ತಿದ್ದರು. ಅವರ ಸೊಸೆ ನನ್ನ ಹಳೆಯ ವಿದ್ಯಾರ್ಥಿನಿ. ಮಧ್ಯಾಹ್ನದ ಮೇಲೆ ಬಂದು ಕೈಜೋಡಿಸುತ್ತಿದ್ದಳು.

ಎರಡು ಬೇಸಿಗೆ ರಜೆಗಳಲ್ಲಿ ನಾನೊಂದು ಕಾದಂಬರಿ ಬರೆದೆ. ಊರನ್ನು ಹೊಸದಾಗಿ ಕಟ್ಟಿದೆ, ಮುತ್ತುಗದಹಳ್ಳಿ ಅಂತ ಹೆಸರಿಟ್ಟೆ. ಕಟ್ಟುವುದಕ್ಕೆ ಸಾಮಾನು ಎಲ್ಲಿಂದಲಾದರೂ ತರಬೇಕಲ್ಲ. ಬಸ್ ನಿಲ್ದಾಣವನ್ನು ಗುಂಡ್ಲುಪೇಟೆಯಿಂದ ತಂದೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಊಟಿಗೆ ಹೋಗುವವರು, ಮಲಯಾಳದಲ್ಲಿ ಕೂಗಾಡುವ ಪ್ರಯಾಣಿಕರು, ಬಾಳೆಗೊನೆ ಏರಿಸುವ ಹಮಾಲರು ಎಲ್ಲ ಕಣ್ಣಿಗೆ ಕಟ್ಟಿದಂತಿದ್ದರು. ಅಂಗಡಿ ಬೀದಿಯನ್ನು ಚಾಮರಾಜನಗರದಿಂದ ಎತ್ತಿಕೊಂಡೆ, ಅದರ ಅರಿಸಿನದ ಘಾಟಿನ ಸಮೇತ. ಹೋಟೆಲು ಮಾತ್ರ ತೆರಕಣಾಂಬಿಯದು. ನೀಲಿ ಬಣ್ಣದ ಹಲಗೆ ಬಾಗಿಲು, ಒಂದು ಕಾಲು ಗಿಡ್ಡವಾದ ಬೆಂಚು, ಒಲೆಯ ಪಕ್ಕದ ಗೂಡಿನಲ್ಲಿ ಒಡೆದ ಕನ್ನಡಿ, ಯಾವುದನ್ನೂ ಬದಲಾಯಿಸಲಿಲ್ಲ. ಬದಲಾಯಿಸಬೇಕು ಅನ್ನಿಸಲೂ ಇಲ್ಲ.

ಕಾದಂಬರಿಯ ಮಧ್ಯದಲ್ಲಿ ಆ ಹೋಟೆಲಿನ ಹೆಂಗಸು ಒಂದು ದಿನ ಯಾರಿಗೂ ಹೇಳದೆ ಬಸ್ಸು ಹತ್ತುತ್ತಾಳೆ. ಕಾಡು ಶುರುವಾಗುವಲ್ಲಿ ಇಳಿದು ಒಂದು ಕಲ್ಲುಮಂಟಪದಲ್ಲಿ ಕೂರುತ್ತಾಳೆ. ಅಲ್ಲಿಯೇ ಸಾಯುತ್ತಾಳೆ. ಆ ಮಂಟಪ ಪುಣಜನೂರಿನದು. ಸತ್ಯಮಂಗಲದ ಕಡೆ ಒಂದು ಮದುವೆಗೆ ಹೋಗುವಾಗ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತ್ತು. ಕಿಟಕಿಯಿಂದ ಕಂಡದ್ದು ಅಷ್ಟೇ. ಉಳಿದದ್ದನ್ನು ನಾನು ಸೇರಿಸಿದೆ: ಕೆತ್ತನೆಯ ಕಂಬಗಳು, ಪಕ್ಕದಲ್ಲೊಂದು ಕೊಳ.

ಕಾದಂಬರಿ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರತೊಡಗಿತು. ತೆರಕಣಾಂಬಿಯಲ್ಲಿ ಯಾರೂ ಅದನ್ನು ಓದುತ್ತಾರೆಂದು ನಾನು ಎಣಿಸಿರಲಿಲ್ಲ. ಆದರೆ ಸೊಸೆ ಓದುತ್ತಿದ್ದಳು. ಅತ್ತೆಗೆ ಓದು ಬರುತ್ತಿರಲಿಲ್ಲವಾದ್ದರಿಂದ ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಬೆಂಚಿನ ಮೇಲೆ ಕೂತವರೂ ಕೇಳುತ್ತಿದ್ದರು.

ಒಂದು ಬೆಳಿಗ್ಗೆ ನಾನು ಬಸ್ಸಿಳಿದು ಹೋದಾಗ ಹೋಟ್ಲಮ್ಮ ಕಾಫಿ ತಂದಿಟ್ಟು ಎದುರಿಗೆ ನಿಂತರು.

"ನನ್ನ ಸಾಯಿಸ್ಬುಟ್ರಂತಲ್ಲ ಮೇಡಮ್ಮೋರೆ."

ನಾನು ಅದು ನೀವಲ್ಲ, ಕಥೆಯಲ್ಲಿ ಬರುವವಳು ಬೇರೆ, ಅವಳು ಉದ್ದ ಇದ್ದಾಳೆ, ಅವಳಿಗೆ ಮಕ್ಕಳೇ ಇಲ್ಲ ಎಂದೆಲ್ಲ ಹೇಳಿದೆ.

"ಓಟ್ಲು ನಮ್ದೇ ಅಲ್ವಾ? ಕನ್ನಡಿ ನಮ್ದೇ ಅಲ್ವಾ?"

"ಹೌದು."

"ಅಂಗಾದ್ರೆ ಅದ್ರೊಳಗೆ ಇರೋಳು ಇನ್ಯಾರು ಬುಡಿ" ಎಂದು ನಕ್ಕು ಒಳಗೆ ಹೋದರು.

ಆಕೆಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದದ್ದು ಯಜಮಾನರಿಗೆ. ಅಂದಿನಿಂದ ಅವರು ನನ್ನ ಜೊತೆ ಮಾತು ಬಿಟ್ಟರು. ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಇಡುತ್ತಿದ್ದರು. ಬದುಕಿರುವವರ ಸಾವಿನ ಮಾತು ಆಡಿದ್ದು ಅಪಶಕುನವೆಂದು ಅವರು ಶಿವನ ಗುಡಿಯಲ್ಲಿ ಅಭಿಷೇಕ ಮಾಡಿಸಿದ ಸುದ್ದಿ ಸೊಸೆಯಿಂದ ತಿಳಿಯಿತು. ಅಷ್ಟರಲ್ಲಿ ಬಸ್ಸಿಗೆ ಕಾಯುವ ಗಂಡಸರಿಗೆ ಅದೊಂದು ತಮಾಷೆಯಾಗಿತ್ತು. "ಸತ್ತೋರು ಮಾಡಿದ್ ಕಾಫಿ ಇನ್ನೂ ರುಚಿ ಕಣ್ಲಾ" ಎಂದು ಒಬ್ಬ ಅಂದರೆ ಇನ್ನೊಬ್ಬ "ದೆವ್ವ ಸಕ್ರೆ ಜಾಸ್ತಿ ಆಕ್ತದೆ ಕಣ್ಲಾ" ಅನ್ನುತ್ತಿದ್ದ. ಹೋಟ್ಲಮ್ಮನೂ ನಗುತ್ತಿದ್ದರು. ಯಜಮಾನರು ಗಲ್ಲಾದ ಮುಚ್ಚಳ ಬಡಿದು ಮುಚ್ಚುತ್ತಿದ್ದರು.

ಕೆಲವು ವಾರ ಕಳೆದ ಮೇಲೆ ಹೋಟ್ಲಮ್ಮ ನನ್ನನ್ನು ಒಲೆಯ ಹತ್ತಿರ ಕರೆದರು.

"ಆ ಮಂಟಪ ನಿಜವಾಗ್ಲೂ ಅದಾ?"

"ಇದೆ. ಪುಣಜನೂರಿನಲ್ಲಿ."

"ನಾನು ನೋಡ್ಬೇಕು ಮೇಡಮ್ಮೋರೆ. ಎಲ್ಲಿ ಸತ್ತೆ ಅಂತ ಗೊತ್ತಾಗ್ಲಿ."

ಹೋಟೆಲು ಇಟ್ಟ ಮೇಲೆ ಆಕೆ ತವರೂರು ಮತ್ತು ಗುಂಡ್ಲುಪೇಟೆಯ ಸಂತೆ ಬಿಟ್ಟರೆ ಎಲ್ಲಿಗೂ ಹೋದವರಲ್ಲ. ಯಜಮಾನರು ಖಂಡಿತ ಆಗದು ಎಂದರು. ಆ ವರ್ಷಗಳಲ್ಲಿ ಆ ಕಾಡುದಾರಿಗೆ ಒಳ್ಳೆಯ ಹೆಸರಿರಲಿಲ್ಲ. ಕಾಡುಗಳ್ಳರನ್ನು ಹುಡುಕುವ ಪೊಲೀಸರು ಹಗಲಿನಲ್ಲೂ ಬಸ್ಸು ನಿಲ್ಲಿಸಿ ಶೋಧಿಸುತ್ತಿದ್ದರು. ಹೆಂಡತಿ ವಾದ ಮಾಡಲಿಲ್ಲ. ನಾನೊಬ್ಬಳೇ ಮೇಡಮ್ಮೋರ ಜೊತೆ ಹೋಗಿಬರುತ್ತೇನೆ ಎಂದಷ್ಟೇ ಹೇಳಿದರು. ಕೊನೆಗೆ ಒಂದು ಭಾನುವಾರ ಹೋಟೆಲಿನ ನೀಲಿ ಬಾಗಿಲು ಹಾಕಿಕೊಂಡು ಗಂಡಹೆಂಡತಿ ಇಬ್ಬರೂ ಚಾಮರಾಜನಗರದಲ್ಲಿ ಬಸ್ಸಿಳಿದರು. ಯಜಮಾನರ ಕೈಯಲ್ಲಿ ಬುತ್ತಿಯ ಚೀಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸತ್ಯಮಂಗಲದ ಬಸ್ಸಿಗೆ ಇನ್ನೂ ಸಮಯವಿತ್ತು. ಅಂಗಡಿ ಬೀದಿಗೆ ಕರೆದುಕೊಂಡು ಹೋದೆ. ಹೋಟ್ಲಮ್ಮ ಮೂಗರಳಿಸಿ ನಿಂತರು.

"ಇದ್ನ ಎತ್ಕೊಂಡೋಗಿ ನಮ್ಮ ಓಟ್ಲು ಮುಂದಕ್ಕೆ ಮಡಗ್ಬುಟ್ಟಿದ್ದೀರಿ."

"ಹೂಂ."

"ಸರಿ ಕೂತದೆ ಬುಡಿ. ನಮ್ಮೂರ್ಗೂ ಇಂಥ ಬೀದಿ ಇದ್ರೆ ಗಿರಾಕಿ ಬರೋರು."

ಬಸ್ಸಿನಲ್ಲಿ ಸುತ್ತಲೂ ತಮಿಳು. ಆಕೆ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಹೊರಗೇ ನೋಡಿದರು. ಬಯಲು ಮುಗಿದು ಗುಡ್ಡಗಳು ಹತ್ತಿರವಾದಾಗ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. ಪುಣಜನೂರಿನಲ್ಲಿ ನಾವು ಮೂವರೇ ಇಳಿದದ್ದು. ಚೆಕ್‌ಪೋಸ್ಟಿನಲ್ಲಿದ್ದ ಪೊಲೀಸಿನವನಿಗೆ ಅಷ್ಟೇ ಸಾಕಾಯಿತು. ಯಾವ ಊರು, ಇಲ್ಲಿ ಯಾರ ಮನೆಗೆ, ಚೀಲದಲ್ಲಿ ಏನು ಎಂದು ಒಂದೇ ಸಮನೆ ಕೇಳಿದ. ಯಜಮಾನರು ಚೀಲವನ್ನು ಎದೆಗೆ ಅವುಚಿಕೊಂಡರು.

"ಮಂಟಪ ನೋಡೋಕೆ ಬಂದಿದ್ದೀವಿ" ಎಂದೆ.

"ಮಂಟಪನಾ? ಅದ್ರಲ್ಲೇನಿದೆ ನೋಡೋಕೆ?"

ನಾನು ಉತ್ತರ ಹುಡುಕುವ ಮೊದಲೇ ಹೋಟ್ಲಮ್ಮ ಮುಂದೆ ಬಂದರು. "ನಾನು ಸತ್ತ ಜಾಗ ಸಾಮಿ. ನೋಡ್ಕಂಡು ಓಗವಾ ಅಂತ ಬಂದಿವ್ನಿ."

ಪೊಲೀಸಿನವನು ಆಕೆಯನ್ನೂ ನನ್ನನ್ನೂ ನೋಡಿದ. ನಾನು ಶಾಲೆಯ ಗುರುತಿನ ಚೀಟಿ ತೆಗೆದು ತೋರಿಸಿ, ಪತ್ರಿಕೆ, ಧಾರಾವಾಹಿ ಎಂದು ಆದಷ್ಟು ಚುಟುಕಾಗಿ ವಿವರಿಸಿದೆ. ಅವನು ಬುತ್ತಿ ಬಿಚ್ಚಿಸಿದ. ಚಿತ್ರಾನ್ನ ನೋಡಿದ ಮೇಲೆ ಸ್ವಲ್ಪ ಮೆತ್ತಗಾದ. ಬೇಗ ಮುಗಿಸಿ, ವಾಪಸ್ ಹೋಗುವ ಮೊದಲ ಬಸ್ಸಿಗೇ ಹೊರಟುಬಿಡಿ ಎಂದು ಬಿಟ್ಟ.

ಮಂಟಪ ನಾನು ಬರೆದದ್ದಕ್ಕಿಂತ ಚಿಕ್ಕದಾಗಿತ್ತು. ಕಂಬಗಳಲ್ಲಿ ಯಾವ ಕೆತ್ತನೆಯೂ ಇರಲಿಲ್ಲ. ಒರಟು ಕಲ್ಲು, ಮೇಲೆ ಹಾಸುಚಪ್ಪಡಿ. ನೆಲದ ತುಂಬ ಆಡಿನ ಹಿಕ್ಕೆ. ಕೊಳ ಎಲ್ಲೂ ಇರಲಿಲ್ಲ. ಹೋಟ್ಲಮ್ಮ ಸೊಪ್ಪಿನ ಕಡ್ಡಿ ಮುರಿದು ಒಂದು ಮೂಲೆ ಗುಡಿಸಿ ಕೂತರು. ಬೆನ್ನನ್ನು ಕಂಬಕ್ಕೆ ಆನಿಸಿ, ಕಾಲು ಚಾಚಿ, ಕಣ್ಣು ಮುಚ್ಚಿದರು. ಕಥೆಯಲ್ಲಿ ಆ ಹೆಂಗಸು ಕೂರುವುದು ಹಾಗೆಯೇ. ಸೊಸೆ ಓದಿದ್ದನ್ನು ಆಕೆ ಸರಿಯಾಗಿಯೇ ಕೇಳಿಸಿಕೊಂಡಿದ್ದರು.

ಯಜಮಾನರು ಒಳಗೆ ಕಾಲಿಡಲಿಲ್ಲ. ರಸ್ತೆಯ ಅಂಚಿನಲ್ಲಿ ನಿಂತು ಆ ಕಡೆ ಈ ಕಡೆ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಕೂಗಿದರು: "ಎದ್ದೇಳಮ್ಮಿ! ಕುಂತಿದ್ದು ಸಾಕು, ಎದ್ದೇಳು!"

ಆಕೆ ಕಣ್ಣು ಬಿಟ್ಟರು. "ಬನ್ನಿ ಇತ್ಲಾಗೆ. ನೆಳ್ಳದೆ."

ಯಜಮಾನರು ಬಂದು ಪಕ್ಕದಲ್ಲಿ ಕುಸಿದು ಕೂತರು. ಟವೆಲಿನಿಂದ ಮುಖ ಒರೆಸಿಕೊಂಡರು. ಒರೆಸಿದ್ದು ಬೆವರು ಮಾತ್ರವಲ್ಲ ಎಂದು ಸ್ವಲ್ಪ ಹೊತ್ತಿನ ಮೇಲೆ ನನಗೆ ಗೊತ್ತಾಯಿತು. ಎಷ್ಟೋ ದಿನಗಳ ಮೇಲೆ ಅವರು ನನ್ನ ಜೊತೆ ಮಾತಾಡಿದರು.

"ಸಾಯಿಸಿದ್ರಿ, ಸರಿ. ಕತೆ. ಆದ್ರೆ ಎಂಡ್ತಿ ಕಾಣ್ದಂಗಾದ್ರೂ ಗಂಡ ಉಡುಕ್ಲೇ ಇಲ್ಲ, ಓಟ್ಲು ಬಾಗ್ಲು ತಕ್ಕೊಂಡೇ ಕುಂತಿದ್ದ ಅಂತ ಬರ್ದಿದ್ದೀರಲ್ಲ. ನಾನು ಉಡುಕ್ದೆ ಇರೋನಾ ಮೇಡಂ?"

ಅಷ್ಟು ದಿನ ನಾನು ಅವರ ಸಿಟ್ಟಿಗೆ ಅಪಶಕುನದ ಭಯವೇ ಕಾರಣ ಎಂದುಕೊಂಡಿದ್ದೆ. ಕಥೆಯ ಗಂಡ ಬೇರೆ, ನೀವು ಬೇರೆ ಎಂದೆ.

"ಊರೋರು ಅಂಗೆ ಓದ್ತಾ ಇಲ್ವಲ್ಲ."

ಹೋಟ್ಲಮ್ಮ ಬುತ್ತಿ ಬಿಚ್ಚಿ ಮುತ್ತುಗದ ಎಲೆಗೆ ಬಡಿಸುತ್ತಾ ಹೇಳಿದರು: "ಒಂದ್ಗಳಿಗೆ ನಾನು ಕಾಣ್ದಿದ್ರೆ ಬಾವಿ ಇಣುಕಿ ನೋಡ್ತಾರೆ ಇವ್ರು. ಅದ್ನ ನೀವೆಲ್ಲಿ ಕಂಡಿದ್ದೀರಿ, ಪಾಪ." ಯಜಮಾನರು ತಲೆ ತಗ್ಗಿಸಿ ಉಣ್ಣತೊಡಗಿದರು. ಮೂವರೂ ಊಟ ಮುಗಿಸಿದೆವು. ಚಿತ್ರಾನ್ನಕ್ಕೆ ಉಪ್ಪು ಕಡಿಮೆಯಾಗಿತ್ತು. ಆದರೂ ಎಲೆಯಲ್ಲಿ ಒಂದಗುಳೂ ಉಳಿಯಲಿಲ್ಲ.

ಕಾದಂಬರಿ ಪುಸ್ತಕವಾಗಿ ಬರುವ ಮುಂಚೆ ಆ ಭಾಗವನ್ನು ತಿದ್ದಲು ಕೂತೆ. ಗಂಡ ಹುಡುಕುತ್ತಾ ಹೊರಟರೆ ಅವಳು ಸಾಯುವ ಮೊದಲೇ ಸಿಕ್ಕಿಬಿಡುತ್ತಾಳೆ. ಅಲ್ಲಿಂದ ಮುಂದಿನ ಕಥೆಯೇ ಇರುವುದಿಲ್ಲ. ಹಾಗೇ ಬಿಟ್ಟೆ. ಯಜಮಾನರಿಗೆ ಅದನ್ನು ನಾನೇ ಹೋಗಿ ಹೇಳಿದೆ. ಅವರು "ನಿಮ್ಮ ಕತೆ ನಿಮ್ದು ಬುಡಿ" ಎಂದರು. ಚಿಲ್ಲರೆಯನ್ನು ಕೈಗೇ ಕೊಟ್ಟರು.

ಆದರೆ ಸುಮ್ಮನೆ ಕೂರುವವರಲ್ಲ ಅವರು. ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಬೇರೊಂದು ಕಥೆ ಹೇಳತೊಡಗಿದರು. ಅದರಲ್ಲಿ ಹೆಂಡತಿ ಕಾಣೆಯಾದ ಕೂಡಲೇ ಗಂಡ ಬಸ್ಸು ಹತ್ತುತ್ತಿದ್ದ, ಪೊಲೀಸರ ಜೊತೆ ಜಗಳವಾಡುತ್ತಿದ್ದ, ಮಂಟಪದಲ್ಲಿ ಅವಳನ್ನು ಕಂಡು ಎಬ್ಬಿಸಿಕೊಂಡು ಬರುತ್ತಿದ್ದ. ಒಮ್ಮೆ ನಾನೂ ಕೂತು ಕೇಳಿದೆ. ಅವರ ಕಥೆಯ ಮಂಟಪಕ್ಕೆ ಕೆತ್ತನೆಯ ಕಂಬಗಳಿದ್ದವು. ಪಕ್ಕದಲ್ಲಿ ಕೊಳವೂ ಇತ್ತು. ಕೇಳುತ್ತಿದ್ದವರಲ್ಲಿ ಒಬ್ಬ ನನ್ನನ್ನು ತೋರಿಸಿ, "ಇವ್ರು ಬರ್ದಿರೋದು ಬ್ಯಾರೆ ತರ ಅದಲ್ಲ" ಎಂದ. "ಅವ್ರು ಬಸ್ನಲ್ಲಿ ಕುಂತು ನೋಡಿದ್ದು. ನಾನು ಇಳ್ದು ನೋಡಿವ್ನಿ" ಎಂದರು ಯಜಮಾನರು.

ಹೋಟ್ಲಮ್ಮನಿಗೆ ಬಸ್ಸು ಹತ್ತುವ ಅಭ್ಯಾಸವಾಯಿತು. ಸೊಸೆಗೆ ಒಲೆ ಬಿಟ್ಟುಕೊಟ್ಟು ಒಂದು ಸಲ ಚಾಮರಾಜನಗರದಿಂದ ರೈಲಿನಲ್ಲಿ ಮೈಸೂರಿಗೆ ಹೋಗಿ ಬಂದರು. ಎಲ್ಲಿಗೆ ಹೋದರೂ ಯಜಮಾನರು ಚೀಲ ಹಿಡಿದು ಜೊತೆಯಲ್ಲಿರುತ್ತಿದ್ದರು.

ಚಾಮರಾಜನಗರ ಜಿಲ್ಲೆಯಾದ ಮೇಲೆ ನನಗೆ ಗುಂಡ್ಲುಪೇಟೆಗೆ ವರ್ಗವಾಯಿತು. ಅಲ್ಲಿಯ ನಿಲ್ದಾಣದಲ್ಲಿ ಒಂದು ದಿನ ಇಬ್ಬರೂ ಸಿಕ್ಕಿದರು. ಊಟಿಗೆ ಹೊರಟಿದ್ದರು. ಚಳಿಗೆಂದು ಯಜಮಾನರು ಆಗಲೇ ತಲೆಗೆ ಮಫ್ಲರ್ ಸುತ್ತಿಕೊಂಡು ಬೆವರುತ್ತಿದ್ದರು. ಹೋಟ್ಲಮ್ಮ ನನ್ನ ಮನೆ, ಕೆಲಸ, ಅಮ್ಮನ ಆರೋಗ್ಯ ಎಲ್ಲ ವಿಚಾರಿಸಿದರು. ಬಸ್ಸು ಬಂತು. ಜನ ನುಗ್ಗಿದರು. ಯಜಮಾನರು ಮೊದಲು ಹತ್ತಿ ಕಿಟಕಿಯ ಪಕ್ಕ ಟವೆಲು ಹಾಕಿ ಸೀಟು ಹಿಡಿದು, ಕೆಳಗೆ ನಿಂತಿದ್ದ ಹೆಂಡತಿಯನ್ನು ಬಾರಮ್ಮಿ, ಬಾ ಬೇಗ ಎಂದು ಕೂಗಿದರು. ನನಗೆ ಎರಡನೇ ಪೀರಿಯಡ್ ಇತ್ತು. ಬಸ್ಸು ಹೊರಡುವ ತನಕ ನಿಂತಿದ್ದು ಶಾಲೆಗೆ ನಡೆದೆ.