ಕಾಫಿಗೆ ಮೊದಲು ಎಣ್ಣೆ ನೋಡಿದವರು

ನಮ್ಮ ಪಶ್ಚಿಮ ಮಿನೆಸೋಟದಲ್ಲಿ ಹಳೆಯ ಯಂತ್ರಗಳನ್ನು ಮಾರುವವರಿಗೆ ಬರವಿಲ್ಲ, ಕೊಂಡು ಕೈಸುಟ್ಟುಕೊಳ್ಳುವವರಿಗಂತೂ ಮೊದಲೇ ಬರವಿಲ್ಲ. ಆದರೆ ಕೊಳ್ಳುವ ಮುನ್ನ ಯಂತ್ರದ ಹೊಟ್ಟೆಯೊಳಗಿನ ಎಣ್ಣೆಯನ್ನು ನೋಡಿ, ಮೂಸಿ, ಬೆರಳಿಗೆ ಸವರಿಕೊಂಡು, ತಗೋ ಎಂದೋ ಬೇಡ ಎಂದೋ ಒಂದೇ ಮಾತಿನಲ್ಲಿ ಹೇಳಿ, ಆ ಮಾತಿಗೆ ಕಡೆತನಕ ನಿಲ್ಲಬಲ್ಲವರು ಯಾರು ಎಂದು ಸುತ್ತಲ ಮೂರು ಕೌಂಟಿಗಳಲ್ಲಿ ಯಾರನ್ನು ಕೇಳಿದರೂ ಹೇಳುವುದು ಒಂದೇ ಹೆಸರು: ಶ್ರೀಮತಿ ಮಾರ್ಲಿಸ್ ಟ್ವೆಟ್. ನಮ್ಮ ತಾಂತ್ರಿಕ ಕಾಲೇಜಿನ ಡೀಸೆಲ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ ಈ ಮೇ ತಿಂಗಳಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಅವರನ್ನು ಕುರಿತು ಬರೆಯಬೇಕೆಂದು ಅಭಿನಂದನ ಸಮಿತಿಯವರು ಟರ್ಕಿ ಕೋಳಿ ಸಾಕುವ ನನ್ನನ್ನು ಕೇಳಿದ್ದು ಅವರ ಧೈರ್ಯ. ಒಪ್ಪಿಕೊಂಡದ್ದು ನನ್ನ ಋಣ.

ಅವರು ಕೆಲಸಕ್ಕೆ ಸೇರಿದ್ದು ೧೯೭೭ರಲ್ಲಿ. ನಾನು ಅವರ ವಿದ್ಯಾರ್ಥಿಯಾದದ್ದು ೧೯೮೨ರಲ್ಲಿ. ಡೀಸೆಲ್ ಎಂಜಿನ್ ಬಗ್ಗೆ ಹೆಂಗಸು ಏನು ಹೇಳಿಯಾಳು ಎಂಬ ಸೊಟ್ಟ ನಗೆ ಆಗಿನ್ನೂ ಕೊನೆಯ ಬೆಂಚುಗಳಲ್ಲಿ ಉಳಿದಿತ್ತು, ಅದರಲ್ಲಿ ನನ್ನ ಪಾಲೂ ಇತ್ತು. ಮೊದಲ ದಿನವೇ ಅವರು ಮೇಜಿನ ಮೇಲೆ ಐದು ಉಪ್ಪಿನಕಾಯಿ ಜಾಡಿಗಳನ್ನಿಟ್ಟು, ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದನ್ನೂ ಮೂಸಿಸಿದರು. ಒಂದರಲ್ಲಿ ಒಳ್ಳೆಯ ಎಣ್ಣೆ, ಒಂದರಲ್ಲಿ ಸುಟ್ಟದ್ದು, ಒಂದರಲ್ಲಿ ನೀರು ಬೆರೆತದ್ದು, ಹೀಗೆ. ತಪ್ಪು ಹೇಳಿದವರು ವಾರವಿಡೀ ಕಾರ್ಯಾಗಾರದ ನೆಲ ತೊಳೆಯಬೇಕು. ನಾನು ಮೂರು ವಾರ ತೊಳೆದೆ.

"ಹೊಸ ಬಣ್ಣ ಸುಳ್ಳು ಹೇಳುತ್ತೆ, ಮಾರೋನು ಸುಳ್ಳು ಹೇಳ್ತಾನೆ. ಎಣ್ಣೆಗೆ ಮಾತ್ರ ಇನ್ನೂ ಆ ವಿದ್ಯೆ ಬಂದಿಲ್ಲ," ಎನ್ನುತ್ತಿದ್ದರು.

ಎರಡನೆಯ ವರ್ಷ ನನ್ನ ತಂದೆಗೆ ಶಸ್ತ್ರಚಿಕಿತ್ಸೆಯಾಗಿ ಆರು ವಾರ ನಾನು ಕಾಲೇಜಿಗೆ ಹೋಗಲಾಗಲಿಲ್ಲ. ವಾರಕ್ಕೆರಡು ಮಧ್ಯಾಹ್ನ ಅವರೇ ತಮ್ಮ ಪಿಕಪ್ ಗಾಡಿಯ ಹಿಂದೆ ಒಂದು ಹೈಡ್ರಾಲಿಕ್ ಪಂಪು ಹಾಕಿಕೊಂಡು ನಮ್ಮ ಕೋಳಿಮನೆಗೆ ಬಂದು, ಹಕ್ಕಿಗಳ ಗದ್ದಲದ ನಡುವೆ ಅದನ್ನು ಬಿಚ್ಚಿಸಿ ಜೋಡಿಸಿ ಪಾಠ ಹೇಳಿದರು. ಇದನ್ನು ಅವರು ಎಲ್ಲೂ ಹೇಳಿಕೊಂಡವರಲ್ಲ. ಕಾಲೇಜಿನವರಿಗೆ ಈ ಲೇಖನದಿಂದಲೇ ತಿಳಿಯಬೇಕು.

ಮುಂದಿನ ಬಕೆಟ್ಟಿನಿಂದ ಗೊಬ್ಬರ, ಮಣ್ಣು ಎತ್ತಿಹಾಕುವ ಹಳೆಯ ಸ್ಕಿಡ್ ಲೋಡರ್ ಗಾಡಿ ಕೊಳ್ಳುವುದಕ್ಕೆ ಅವರು ಕಲಿಸಿದ ಕ್ರಮವೊಂದಿದೆ. ಹೋದ ಕೂಡಲೇ ಎಂಜಿನ್ನಿನ ಮೇಲೆ ಕೈಯಿಡಬೇಕು; ಬೆಚ್ಚಗಿದ್ದರೆ ಮಾರುವವನು ಏನೋ ಮುಚ್ಚಿಡಲು ಮೊದಲೇ ಓಡಿಸಿಟ್ಟಿದ್ದಾನೆಂದು ತಿಳಿದು ವಾಪಸಾಗಿ ಇನ್ನೊಂದು ದಿನ ಹೋಗಬೇಕು. ತಣ್ಣಗಿದ್ದರೆ ಮೊದಲು ಎಂಜಿನ್ ಎಣ್ಣೆ, ಆಮೇಲೆ ಎಂಜಿನ್ನನ್ನು ತಣ್ಣಗಿಡುವ ಕೂಲೆಂಟು, ಆಮೇಲೆ ತೋಳನ್ನೂ ಚಕ್ರವನ್ನೂ ನಡೆಸುವ ಹೈಡ್ರಾಲಿಕ್ ಎಣ್ಣೆ, ಕೊನೆಗೆ ಎಲ್ಲರೂ ಮರೆಯುವ, ಚಕ್ರದ ಸರಪಳಿಗಳು ಮುಳುಗಿರುವ ಪೆಟ್ಟಿಗೆಯ ಎಣ್ಣೆ. ಇಷ್ಟೂ ಆಗಬೇಕಾದದ್ದು ಕಾಫಿಗೆ ಮೊದಲು. ನಮ್ಮ ಕಡೆ ಒಬ್ಬರ ಅಡುಗೆಮನೆಯಲ್ಲಿ ಕೂತು ಅವರ ಕೇಕು ತಿಂದ ಮೇಲೆ ಅವರ ಯಂತ್ರದ ಎಣ್ಣೆಯ ಅಳತೆಕಡ್ಡಿ ಎಳೆದು ನೋಡುವುದೆಂದರೆ, ನೀವು ಸುಳ್ಳುಗಾರರು ಎಂದು ಮುಖಕ್ಕೆ ಹೇಳಿದಂತೆ. ಅಷ್ಟು ಒರಟರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೂ ೧೯೯೭ರ ಮಾರ್ಚಿನಲ್ಲಿ ನಾನು ಮಾಡಿದ ಘನಕಾರ್ಯವನ್ನು ಕೇಳಿ. ಕೋಳಿಮನೆಯ ನೆಲದ ಹಳೆಯ ಹೊಟ್ಟಿನ ಹಾಸನ್ನೆಲ್ಲ ಎತ್ತಿ ಹಾಕಬೇಕಾಗಿದ್ದ ಹೊತ್ತಿಗೆ ಸರಿಯಾಗಿ ನನ್ನ ಲೋಡರ್ ಕೈಕೊಟ್ಟಿತು. ಪಕ್ಕದ ಜಮೀನಿನ ಕ್ಲೇಟನ್ ಹೌಗೆನ್ ಜನವರಿಯಲ್ಲಿ ತೀರಿಕೊಂಡಿದ್ದರು. ಅವರ ಲೋಡರನ್ನು ಹೆಂಡತಿ ಆರ್ಡಿಸ್ ಮಾರುತ್ತಾರೆಂದು ಕೇಳಿ ಹೋದೆ. ಯಂತ್ರ ಅಂಗಳದಲ್ಲಿ ಫಳಫಳ ಹೊಳೆಯುತ್ತಿತ್ತು. ಆರ್ಡಿಸ್ ಬಾಗಿಲಲ್ಲೇ ನಿಂತು ಒಳಗೆ ಕರೆದರು. ಕೂತೆ. ಮೂರು ಲೋಟ ಕಾಫಿಯಾಯಿತು, ನಿಂಬೆ ಕೇಕೂ ಆಯಿತು. ಹೊರಗೆ ಬಂದಾಗ ನನ್ನ ಕೈ ಎಣ್ಣೆಯ ಮುಚ್ಚಳದ ಕಡೆ ಹೋದದ್ದು ನಿಜ. ಆದರೆ ಗಂಡನ ಜಾಕೆಟ್ಟು ತೊಟ್ಟ ಆಕೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಯಂತ್ರದ ಬೆನ್ನು ತಟ್ಟಿ, "ಒಳ್ಳೇ ಗಾಡಿ," ಎಂದು ಹೇಳಿ ಮನೆಗೆ ಓಡಿಸಿಕೊಂಡು ಬಂದೆ.

ಎರಡನೆಯ ದಿನ ಪಂಪು ಮುಲುಕತೊಡಗಿತು. ಮೂರನೆಯ ದಿನ ಚಳಿ ಮತ್ತೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಕ್ಕಿಳಿದಾಗ ಬಕೆಟ್ಟು ಮೇಲೇಳಲೇ ಇಲ್ಲ, ಚಕ್ರಗಳು ತೆವಳಿದವು. ಕೋಳಿಮನೆಯ ಅರ್ಧ ಹಾಸು ಇನ್ನೂ ಒಳಗೇ ಇತ್ತು. ಗುರುವಾರ ಬೆಳಗ್ಗೆ ಹನ್ನೊಂದು ಸಾವಿರ ಮರಿಗಳು ಬರಬೇಕಿತ್ತು, ಮೊಟ್ಟೆಯೊಳಗಿನ ಮರಿಗೆ ಎರಡು ದಿನ ತಡೆದುಕೋ ಎಂದು ಹೇಳಲಾಗುವುದಿಲ್ಲ. ಹಿಂದೊಮ್ಮೆ ತಡಮಾಡಿದ್ದೆ, ಈ ಸಲವೂ ಮನೆ ಸಿದ್ಧವಿಲ್ಲದಿದ್ದರೆ ಇನ್ನು ನಿನಗೆ ಮರಿ ಕೊಡುವುದಿಲ್ಲವೆಂದು ಕಂಪನಿಯವರು ಖಡಾಖಂಡಿತವಾಗಿ ಹೇಳಿದ್ದರು. ಮರಿಯಿಲ್ಲದಿದ್ದರೆ ನನ್ನಪ್ಪ ಕಟ್ಟಿದ್ದು ಬರೀ ತಗಡಿನ ಮಾಡು. ಆ ಭಯದಲ್ಲಿ ನಾನು ಸತ್ತವರನ್ನು ಬೈದೆ: ಕಾಯಿಲೆಯ ನೆಪದಲ್ಲಿ ಕ್ಲೇಟನ್ ವರ್ಷವಿಡೀ ಎಣ್ಣೆಯನ್ನೇ ಮುಟ್ಟಿಲ್ಲ, ಅದನ್ನು ನನ್ನ ತಲೆಗೆ ಕಟ್ಟಿದರು ಎಂದು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಸೋಮವಾರ ಬೆಳಗ್ಗೆ ಮೇಡಂಗೆ ಫೋನ್ ಮಾಡಿದೆ.

"ಎಣ್ಣೆ ನೋಡಿದ್ಯಾ ಡ್ವೇನ್?"

"ಇಲ್ಲ ಮೇಡಂ."

"ಕಾಫಿ ಕುಡಿದ್ಯಾ?"

"ಮೂರು ಲೋಟ."

"ಕೇಕು?"

"ಅದೂ ಆಯ್ತು."

"ಸರಿ, ಯಾವುದರಲ್ಲೂ ಕೊರತೆ ಮಾಡಿಲ್ಲ ನೀನು. ಗಾಡೀನ ಬೆಚ್ಚಗಿರೋ ಶೆಡ್ಡಿಗೆ ಎಳ್ಕೊಂಡು ಹೋಗಿ ನಿಲ್ಲಿಸು. ಮತ್ತೆ ಸ್ಟಾರ್ಟ್ ಮಾಡಿದ್ಯೋ, ನಾನು ಬರಲ್ಲ."

ಕಾಲೇಜಿಗೆ ರಜೆಯಿದ್ದ ವಾರ ಅದು. ಮಧ್ಯಾಹ್ನದ ಹೊತ್ತಿಗೆ ಅವರು ಒಂದು ರಟ್ಟಿನ ಹಾಳೆಯನ್ನು ನೆಲಕ್ಕೆ ಹಾಸಿ ಯಂತ್ರದ ಅಡಿಗೆ ತೂರಿಕೊಂಡಿದ್ದರು. ಹೈಡ್ರಾಲಿಕ್ ಎಣ್ಣೆ ಹಾಲು ಹೆಚ್ಚಾದ ಕಾಫಿಯಂತೆ ಬೆಳ್ಳಗೆ ಸುರಿಯಿತು. ನೀರು ಬೆರೆತಿದೆ ಎಂಬುದು ನನಗೂ ಗೊತ್ತಾಯಿತು.

"ಮುಗೀತಲ್ವಾ ಮೇಡಂ?"

"ಬಾಯ್ಮುಚ್ಕೊಂಡು ಬಕೆಟ್ ಹಿಡಿ."

ಎಂಜಿನ್ ಎಣ್ಣೆ ನೋಡಿದರು, ಸರಿಯಿತ್ತು. ಕೂಲೆಂಟು ಸರಿಯಿತ್ತು. ಸರಪಳಿ ಪೆಟ್ಟಿಗೆಯ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಅಯಸ್ಕಾಂತ ಆಡಿಸಿದರು. ಲೋಹದ ಒಂದು ಚೂರೂ ಅಂಟಲಿಲ್ಲ. ಬೆಳ್ಳಗಿನ ಎಣ್ಣೆಯನ್ನು ಮತ್ತೆ ಮತ್ತೆ ಮೂಸಿದರು. ಆಮೇಲೆ ಆ ಎಣ್ಣೆಯ ತೊಟ್ಟಿಯ ಮುಚ್ಚಳವನ್ನು ಬೆಳಕಿಗೆ ಹಿಡಿದು ಅದರಲ್ಲಿದ್ದ ಬಿರುಕನ್ನು ತೋರಿಸಿದರು.

"ಸುಟ್ಟ ವಾಸನೆ ಇಲ್ಲ. ಇದು ಹಳೇ ರೋಗ ಅಲ್ಲ ಕಣೋ, ಹೊಸ ನೀರು. ಯಾರೋ ಪೈಪು ಹಿಡಿದು ಚೆನ್ನಾಗಿ ತೊಳೆದಿದ್ದಾರೆ. ಒಳಗೆ ಹೋದ ನೀರು ಚಳಿಗೆ ಹೆಪ್ಪುಗಟ್ಟಿ ಫಿಲ್ಟರ್ ಕಟ್ಕೊಂಡಿದೆ, ಅಷ್ಟೇ."

ಫಿಲ್ಟರನ್ನು ಬಿಚ್ಚಿ ಅದರ ಮೈ ಒರೆಸಿದಾಗ ಬಿಳಿ ಬಣ್ಣದ ಬರಹ ಕಂಡಿತು: ಅಕ್ಟೋಬರ್ ೧೯, ೨೧೪೦ ಗಂಟೆ, ಸಿ.ಎಚ್. ಯಂತ್ರ ಒಟ್ಟು ಎಷ್ಟು ಗಂಟೆ ಓಡಿದೆಯೆಂದು ಎಣಿಸುವ ಗಡಿಯಾರ ತೋರಿಸುತ್ತಿದ್ದದ್ದು ೨೧೬೩. ಸಾಯುವ ಮೂರು ತಿಂಗಳ ಮೊದಲು, ಗೋಡೆ ಹಿಡಿಯದೆ ನಡೆಯಲಾಗದಿದ್ದ ಕಾಲದಲ್ಲಿ ಕ್ಲೇಟನ್ ಇದರಡಿ ಮಲಗಿ ಫಿಲ್ಟರ್ ಬದಲಿಸಿದ್ದರು. ನಾನು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಜತೆಗೇ ಅಳುವೂ ಬಂತು. ಮೇಡಂ ನನ್ನ ಕಡೆ ನೋಡದೆ ಕೈ ಒರೆಸಿಕೊಳ್ಳುತ್ತಿದ್ದರು.

ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿ ಓಡಿಸಿ, ಅದನ್ನೂ ಬಸಿದು, ಮತ್ತೊಮ್ಮೆ ಹೊಸದು ಹಾಕಿದೆವು. ಮಂಗಳವಾರ ಮಧ್ಯಾಹ್ನ ಬಕೆಟ್ಟು ಸದ್ದಿಲ್ಲದೆ ಮೇಲೆದ್ದಿತು. ಬುಧವಾರ ಸಂಜೆಗೆ ಕೋಳಿಮನೆಯಲ್ಲಿ ಮರದ ಹೊಸ ಹೊಟ್ಟು ಹಾಸಿಯಾಗಿತ್ತು. ಗುರುವಾರ ಬೆಳಗ್ಗೆ ಹನ್ನೊಂದು ಸಾವಿರ ಮರಿಗಳ ಚಿಲಿಪಿಲಿ ಕೇಳುತ್ತ ನಾನೂ ಮೇಡಮ್ಮೂ ಬಾಗಿಲಲ್ಲಿ ನಿಂತಿದ್ದೆವು. ಅಷ್ಟು ಹಗುರವಾಗಿ ನಾನು ಅದಕ್ಕೆ ಮೊದಲೂ ಉಸಿರಾಡಿಲ್ಲ, ಆಮೇಲೂ ಇಲ್ಲ.

ಆರ್ಡಿಸ್‌ಗೆ ಏನೂ ಹೇಳುವುದು ಬೇಡವೆಂದು ನನ್ನ ವಾದ. "ಹೇಳದೇ ಇದ್ರೆ ಅವಳು ನಾಳೆ ಟ್ರ್ಯಾಕ್ಟರನ್ನೂ ಹಾಗೇ ತೊಳೆದು ಮಾರ್ತಾಳೆ. ನಡಿ," ಎಂದು ಮೇಡಂ ನನ್ನನ್ನು ಹೊರಡಿಸಿದರು. ಆರ್ಡಿಸ್ ಕಾಫಿ ಬಗ್ಗಿಸಲು ಎದ್ದಾಗ, ಮೊದಲು ಮಾತು ಎಂದು ಮೇಡಂ ಕೂರಿಸಿ, ನಡೆದದ್ದನ್ನೆಲ್ಲ ಹೇಳಿದರು.

"ಅಯ್ಯೋ ಡ್ವೇನ್, ಹಿಮ ಕರಗಿದ ದಿನ ಮಧ್ಯಾಹ್ನ ಪೂರ್ತಿ ತೊಳೆದೆ ಕಣಪ್ಪ," ಎಂದರು ಆರ್ಡಿಸ್. "ಕೊಳಕು ಗಾಡೀನ ಪಕ್ಕದ ಮನೆಯೋನಿಗೆ ಹೇಗೆ ಕೊಡೋದು ಹೇಳು." ಆಮೇಲೆ ದನಿ ತಗ್ಗಿಸಿ, "ನೀವಿಬ್ರೂ ಬಂದಿದ್ದು ನೋಡಿ, ಕ್ಲೇಟನ್ ಗಾಡೀಲಿ ಏನೋ ನೋಡ್ಕೊಳ್ದೆ ಬಿಟ್ಟಿದ್ದ ಅಂತ ಹೇಳೋಕೆ ಬಂದ್ರಿ ಅಂದ್ಕೊಂಡೆ."

ಮೇಡಂ ಚೀಲದಿಂದ ಒರೆಸಿಟ್ಟಿದ್ದ ಫಿಲ್ಟರನ್ನು ತೆಗೆದು ಮೇಜಿನ ಮೇಲಿಟ್ಟರು. ಆರ್ಡಿಸ್ ಅದನ್ನು ಮೆಲ್ಲಗೆ ತಿರುಗಿಸಿ ಓದಿದರು.

"ಆವತ್ತು ನಾನು ಬೈದಿದ್ದೆ. ಈ ಚಳೀಲಿ ಶೆಡ್ಡಲ್ಲಿ ಏನ್ ಮಾಡ್ತಿದೀಯ ಅಂತ. ಏನಿಲ್ಲ, ಸುಮ್ನೆ ಅಂದ."

ಆಮೇಲೆ ಎದ್ದು ಕಾಫಿ ಬಗ್ಗಿಸಿದರು. ಆ ಫಿಲ್ಟರ್ ನಮಗೆ ವಾಪಸು ಸಿಗಲಿಲ್ಲ, ನಾವು ಕೇಳಲೂ ಇಲ್ಲ.

ಆ ಲೋಡರ್ ಇನ್ನೂ ನನ್ನಲ್ಲೇ ದುಡಿಯುತ್ತಿದೆ. ಮೇಡಂ ಅವರಿಗೆ ಈಗ ಅರವತ್ತಾರು, ಮೊಣಕಾಲು ನೋವೆಂದು ಗೊಣಗುತ್ತಾರೆ. ಆದರೂ ಹಳೆಯ ಯಂತ್ರ ನೋಡಲು ಅವರನ್ನು ಕರೆದೊಯ್ಯುವವರ ಸಾಲು ನಿವೃತ್ತಿಗೆ ಮೊದಲೇ ಬೆಳೆದಿದೆ. ಹೋದ ವಾರ ನಾನು ಹೈಡ್ರಾಲಿಕ್ ಫಿಲ್ಟರ್ ಬದಲಿಸಿ, ಕ್ಲೇಟನ್ ಬರೆಯುತ್ತಿದ್ದ ಹಾಗೆಯೇ ಬಿಳಿ ಬಣ್ಣದಲ್ಲಿ ೫೬೪೦ ಗಂಟೆ ಎಂದು ಬರೆದೆ. ಮುಂದಿನದು ೬೧೪೦ಕ್ಕೆ, ನಾನು ಓಡಿಸುವ ಲೆಕ್ಕದಲ್ಲಿ ಎರಡು ವರ್ಷ. ಅಂದು ಮಾರ್ಲಿಸ್ ಟ್ವೆಟ್ ಅವರು ರಟ್ಟಿನ ಹಾಳೆಯ ಮೇಲೆ ಮಲಗಿ ಆ ಎಣ್ಣೆಯನ್ನು ಮೂಸಿ ನನ್ನನ್ನು ಬೈಯಲಿ. ಅದರ ಮುಂದಿನ ಫಿಲ್ಟರಿಗೂ ಬೈಯಲಿ, ಅದರ ಮುಂದಿನದಕ್ಕೂ. ಬಕೆಟ್ ಹಿಡಿಯಲು ನಾನಿದ್ದೇನೆ.